ಹಾರಿಸಿದವನೇ ಇಳಿಸಬೇಕು

'ತಲೆಯ ಮೇಲೆ ಆಕಾಶವೇ ಕಳಚಿ ಬಿದ್ದಂತಾಯಿತು' ಎಂಬುದು ನಮ್ಮ ಜನರ ಬಾಯಲ್ಲಿ ನೆಲೆನಿಂತ ಮಾತು. ಅಡಿಕೆಯ ಧಾರಣೆ ದಿಢೀರನೆ ಕುಸಿದರೆ, ಕೋರ್ಟಿನ ತೀರ್ಪು ವಿರುದ್ಧವಾಗಿ ಬಂದರೆ ಹೀಗೆನ್ನುವುದುಂಟು. ಆ ಮಾತು ಅಕ್ಷರಶಃ ನಿಜವಾಗಿಬಿಡುವುದೋ ಎಂದು ನಮ್ಮ ದೇಶದ ಎಷ್ಟೋ ಊರುಗಳು ನಡುಗಿದ್ದು 1979ರ ಜುಲೈ ತಿಂಗಳಲ್ಲಿ. ಅಮೆರಿಕದವರು 1973ರ ಮೇ 14ರಂದು ಹಾರಿಸಿದ್ದ 'ಸ್ಕೈಲ್ಯಾಬ್' ಎಂಬ ಆಕಾಶಮನೆ ಹಿಡಿತ ತಪ್ಪಿ ಕೆಳಗಿಳಿಯುತ್ತಿತ್ತು. ಅದರ ತೂಕ ಸುಮಾರು 77 ಟನ್ನು. ಅದು ಎಲ್ಲಿ ಬೀಳುವುದೆಂದು ಹಾರಿಸಿದವರಿಗೇ ಗೊತ್ತಿರಲಿಲ್ಲ.

ಆ ಮಳೆಗಾಲವನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ತೆಲುಗು ನಾಡಿನ ಹಳ್ಳಿಗಳಲ್ಲಿ ಹೇಗೂ ಸಾಯುವುದೇ ಎಂದು ಕೋಳಿ ಕುರಿಗಳನ್ನು ಕೊಯ್ದು ಉಂಡವರ, ಇದ್ದದ್ದನ್ನು ಬಂದ ಬೆಲೆಗೆ ಮಾರಿದವರ ಕಥೆಗಳು ಇಂದಿಗೂ ಪ್ರಚಾರದಲ್ಲಿವೆ. 2021ರಲ್ಲಿ ಅದೇ ಹೆಸರಿನ ತೆಲುಗು ಚಲನಚಿತ್ರವೊಂದು ಕೂಡ ಬಂತು. ಕೊನೆಗೆ ಜುಲೈ 11ರಂದು ಸ್ಕೈಲ್ಯಾಬ್ ಹಿಂದೂ ಮಹಾಸಾಗರದ ಮೇಲೆ ಛಿದ್ರವಾಗಿ, ಅದರ ತುಣುಕುಗಳು ಪಶ್ಚಿಮ ಆಸ್ಟ್ರೇಲಿಯದ ಎಸ್ಪರೆನ್ಸ್ ಎಂಬ ಊರಿನ ಸುತ್ತಮುತ್ತ ಉದುರಿದವು. ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿನ ಸ್ಥಳೀಯಾಡಳಿತವು ಬೀದಿಯಲ್ಲಿ ಕಸ ಎಸೆದದ್ದಕ್ಕಾಗಿ ಅಮೆರಿಕದ ನಾಸಾ ಸಂಸ್ಥೆಗೆ 400 ಡಾಲರು ದಂಡ ವಿಧಿಸಿತು. ತಮಾಷೆಗಾಗಿ ಮಾಡಿದ್ದಾದರೂ ಅದರಲ್ಲಿ ನ್ಯಾಯವಿತ್ತು. ಆ ದಂಡವನ್ನು ನಾಸಾ ಕಟ್ಟಲಿಲ್ಲ. 30 ವರ್ಷಗಳ ತರುವಾಯ, 2009ರಲ್ಲಿ, ಅಮೆರಿಕದ ರೇಡಿಯೋ ನಿರೂಪಕರೊಬ್ಬರು ತಮ್ಮ ಶ್ರೋತೃಗಳಿಂದ ಹಣ ಕೂಡಿಸಿ ಕಟ್ಟಿದರು.

ಇಷ್ಟು ದೊಡ್ಡ ಶಾಸ್ತ್ರಜ್ಞರಿಗೆ ಬೀಳುವ ಜಾಗ ತಿಳಿಯದೆ ಹೋಗುವುದು ಹೇಗೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವಾದದ್ದೇ. ಭೂಮಿಗೆ ಸಮೀಪದ ಕಕ್ಷೆಯಲ್ಲಿ ಸುತ್ತುವ ಉಪಗ್ರಹದ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರು. ಒಂದೂವರೆ ಗಂಟೆಗೆ ಭೂಮಿಗೆ ಒಂದು ಪ್ರದಕ್ಷಿಣೆ. ಅಷ್ಟು ಎತ್ತರದಲ್ಲೂ ಗಾಳಿಯ ತೆಳುವಾದ ಅಂಶವಿದೆ. ಅದು ಉಪಗ್ರಹವನ್ನು ಸುತ್ತು ಸುತ್ತಿಗೂ ತುಸು ತುಸುವೇ ತಡೆಯುತ್ತದೆ; ತಡೆದಷ್ಟೂ ಉಪಗ್ರಹ ಕೆಳಗಿಳಿಯುತ್ತದೆ; ಇಳಿದಷ್ಟೂ ಗಾಳಿ ದಟ್ಟವಾಗುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಿನ ವಾಯುಮಂಡಲ ಕಾದು, ಉಕ್ಕಿದ ಹಾಲಿನಂತೆ ಮೇಲೇರುತ್ತದೆ. ಸ್ಕೈಲ್ಯಾಬ್ ಲೆಕ್ಕಕ್ಕಿಂತ ಮೊದಲೇ ಬಿದ್ದದ್ದು ಈ ಕಾರಣದಿಂದ. ಸೂರ್ಯನ ಮರ್ಜಿಯನ್ನು ಮುಂದಾಗಿ ಅಳೆಯುವ ಕೋಲು ಇಂದಿಗೂ ಮನುಷ್ಯನ ಕೈಗೆ ಪೂರ್ಣವಾಗಿ ಸಿಕ್ಕಿಲ್ಲ.

ಬೀಳುವ ಹೊತ್ತಿನ ಲೆಕ್ಕದಲ್ಲಿ ಒಂದೇ ಒಂದು ನಿಮಿಷ ಹೆಚ್ಚು ಕಡಿಮೆಯಾದರೆ ಬೀಳುವ ಜಾಗ 450 ಕಿಲೋಮೀಟರಿಗೂ ಹೆಚ್ಚು ಆಚೀಚೆಯಾಗುತ್ತದೆ. ಎಂದರೆ ನಮ್ಮ ಸೀತಾಂಗೋಳಿಯ ಪೇಟೆಯ ಮೇಲೆಂದು ಗುರುತು ಹಾಕಿದ್ದು ಬೆಂಗಳೂರನ್ನೂ ದಾಟಿ ಹೋಗಿ ಬೀಳಬಹುದು. ಒಂದು ದಿನ ಮುಂಚಿತವಾಗಿ ಹೇಳುವ ಲೆಕ್ಕದಲ್ಲಿ ಕೆಲವು ಗಂಟೆಗಳ ವ್ಯತ್ಯಾಸ ಸಾಮಾನ್ಯ. ಅಷ್ಟರಲ್ಲಿ ಉಪಗ್ರಹ ಭೂಮಿಯನ್ನು ಎರಡು ಮೂರು ಸುತ್ತು ಸುತ್ತಿರುತ್ತದೆ. ಆದುದರಿಂದ 'ನಾಳೆ ಇಂಥ ಊರಿನ ಮೇಲೆ ಬೀಳಲಿದೆ' ಎಂದು ಯಾರಾದರೂ ಹೇಳಿದರೆ ಅದು ಸುಳ್ಳೆಂದೇ ತಿಳಿಯಬೇಕು. ಹಿಡಿತ ತಪ್ಪಿದ ಉಪಗ್ರಹದ ವಿಚಾರದಲ್ಲಿ ಹಾಗೆ ಹೇಳಲು ಯಾವ ವಿಜ್ಞಾನಿಗೂ ಸಾಧ್ಯವಿಲ್ಲ.

ಹಿಡಿತ ತಪ್ಪದಿದ್ದರೆ ಮಾತ್ರ ಮಾತು ಬೇರೆ. ಇದನ್ನು ನಮ್ಮ ದೇಶದವರೇ ಮಾಡಿ ತೋರಿಸಿದ್ದಾರೆ.

ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಆ ಕೆಲಸದ ನೇತೃತ್ವ ವಹಿಸಿದವರು ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಮೇಲೇರಿತು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ವ್ಯವಸ್ಥೆ ಕೆಟ್ಟು ಪ್ರಯೋಗಗಳು ನಿಂತವು. ಆದರೂ ಅದು ಸುಮಾರು 17 ವರ್ಷ ಸುತ್ತುತ್ತಲೇ ಇದ್ದು 1992ರ ಫೆಬ್ರವರಿಯಲ್ಲಿ ವಾಯುಮಂಡಲಕ್ಕೆ ಮರಳಿತು. ಅಂದು ಅದನ್ನು ಇಳಿಸುವ ಉಪಾಯ ನಮ್ಮಲ್ಲಿರಲಿಲ್ಲ.

ಇಂದು ಅದೇ ಪೀಣ್ಯದಲ್ಲಿ ಇಸ್ರೋದ ಉಪಗ್ರಹ ಜಾಡು ಹಿಡಿಯುವ ಕೇಂದ್ರವಿದೆ. ಅದರ ಆಶ್ರಯದಲ್ಲಿ ಬಾಹ್ಯಾಕಾಶದ ಸುರಕ್ಷಿತ ಕಾರ್ಯಾಚರಣೆಗಾಗಿಯೇ 2022ರ ಜುಲೈಯಲ್ಲಿ ಪ್ರತ್ಯೇಕ ವ್ಯವಸ್ಥೆಯೊಂದನ್ನು ತೆರೆಯಲಾಯಿತು. ಭಾರತ ಮತ್ತು ಫ್ರಾನ್ಸ್ ಕೂಡಿ 2011ರ ಅಕ್ಟೋಬರ್ 12ರಂದು ಹಾರಿಸಿದ 'ಮೇಘಾ ಟ್ರೋಪಿಕ್ಸ್' ಉಷ್ಣವಲಯದ ಮೋಡ ಮಳೆಗಳನ್ನು ಅಭ್ಯಸಿಸಲೆಂದೇ ಮಾಡಿದ ಉಪಗ್ರಹ. ಸಮಭಾಜಕದಿಂದ 20 ಡಿಗ್ರಿ ಉತ್ತರ, 20 ಡಿಗ್ರಿ ದಕ್ಷಿಣದ ನಡುವೆ ಅದರ ಓಡಾಟ. ಹನ್ನೆರಡೂವರೆ ಡಿಗ್ರಿಯಲ್ಲಿರುವ ನಮ್ಮ ಕಾಸರಗೋಡು ಆ ಪಟ್ಟಿಯೊಳಗೇ ಸೇರಿದ್ದು. ಮೂರು ವರ್ಷ ದುಡಿಯಬೇಕಾದದ್ದು ಸುಮಾರು ಹತ್ತು ವರ್ಷ ದುಡಿಯಿತು. ಹಾಗೆಯೇ ಬಿಟ್ಟಿದ್ದರೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಅದು ಮೇಲೆಯೇ ಅನಾಥವಾಗಿ ಸುತ್ತುತ್ತಿತ್ತು. ಅದರಲ್ಲಿ ಉಳಿದಿದ್ದ ಸುಮಾರು 125 ಕಿಲೋ ಇಂಧನವನ್ನು ಬಳಸಿ 2022ರ ಆಗಸ್ಟಿನಿಂದ ಹಂತಹಂತವಾಗಿ ಕಕ್ಷೆಯನ್ನು ತಗ್ಗಿಸುತ್ತಾ ಬಂದು, 2023ರ ಮಾರ್ಚ್ 7ರಂದು ಅದನ್ನು ಶಾಂತಸಾಗರದ ನಿರ್ಜನ ಭಾಗದ ಮೇಲೆ ಇಳಿಸಿ ಸುಟ್ಟುಹೋಗುವಂತೆ ಮಾಡಿದರು. ಹಾಗೆ ಇಳಿಸುವುದಕ್ಕೆಂದು ಮಾಡಿದ ಉಪಗ್ರಹವೇ ಅದಾಗಿರಲಿಲ್ಲ ಎಂಬುದು ಗಮನಾರ್ಹ. 2007ರಲ್ಲಿ ಹಾರಿಸಿದ 680 ಕಿಲೋದ ಕಾರ್ಟೋಸ್ಯಾಟ್–2 ತಾನಾಗಿ ಬೀಳಲು ಸುಮಾರು 30 ವರ್ಷ ಬೇಕಿತ್ತು. ಅದನ್ನೂ 2020ರ ಹೊತ್ತಿಗೆ ಕೆಳಗಿನ ಕಕ್ಷೆಗೆ ಇಳಿಸಿದ್ದರಿಂದ 2024ರ ಫೆಬ್ರವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಅದರ ಕಥೆ ಮುಗಿಯಿತು.

ತೆಂಗಿನ ಮರ ಹತ್ತಿದವನು ಕಾಯಿ ಉದುರಿಸುವ ಮೊದಲು ಕೆಳಗಿದ್ದವರಿಗೆ 'ದೂರ ನಿಲ್ಲಿ' ಎಂದು ಕೂಗಿ ಹೇಳುತ್ತಾನೆ. ಮನೆಯ ಮಾಡಿಗೆ ಬಾಗಿದ ಮರವಾದರೆ ಗೊನೆಗೆ ಹಗ್ಗ ಕಟ್ಟಿ ಇಳಿಸುತ್ತಾನೆ. ಇದು ನಮ್ಮ ತೋಟಗಳಲ್ಲಿ ಓದು ಬರಹ ಬಾರದವನಿಗೂ ತಿಳಿದ ಮರ್ಯಾದೆ. ಆಕಾಶಕ್ಕೇರಿದ ರಾಷ್ಟ್ರಗಳಿಗೂ ಕಂಪೆನಿಗಳಿಗೂ ಇರಬೇಕಾದ ನಿಯಮ ಇಷ್ಟೇ. ಇಳಿಸಲು ಇಂಧನ ಉಳಿಸಿದರೆ ಉಪಗ್ರಹದ ದುಡಿಯುವ ಆಯುಷ್ಯ ಕಡಿಮೆಯಾಗುತ್ತದೆ, ಖರ್ಚು ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಹಗ್ಗಕ್ಕೂ ಖರ್ಚಿದೆ. ಆದರೆ ಆ ಖರ್ಚು ತೋಟದ ಯಜಮಾನನದ್ದೇ ಹೊರತು ಕೆಳಗೆ ದಾರಿ ನಡೆಯುವವನದ್ದಲ್ಲ.

ಕಾನೂನು ಇಲ್ಲವೆಂದಲ್ಲ. ಹಾರಿಸಿದ ರಾಷ್ಟ್ರವೇ ನೆಲದ ಮೇಲಾದ ಹಾನಿಗೆ ಹೊಣೆ ಎಂದು 1972ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಭಾರತವೂ ಅದಕ್ಕೆ ಒಳಪಟ್ಟಿದೆ. 1978ರ ಜನವರಿ 24ರಂದು ಸೋವಿಯತ್ ದೇಶದ 'ಕಾಸ್ಮೋಸ್ 954' ತನ್ನ ಅಣುಸ್ಥಾವರದ ಸಮೇತ ಕೆನಡಾದ ಮೇಲೆ ಬಿದ್ದಾಗ ಕೆನಡಾ 60 ಲಕ್ಷಕ್ಕೂ ಹೆಚ್ಚು ಡಾಲರು ಕೇಳಿತು. 1981ರಲ್ಲಿ 30 ಲಕ್ಷಕ್ಕೆ ರಾಜಿಯಾಯಿತು. ಬಲಾಢ್ಯನನ್ನು ಕೇಳಲು ಕೆನಡಾದಂತಹ ದೇಶವಿದ್ದರೆ ಅರ್ಧವಾದರೂ ಸಿಗುತ್ತದೆ. ಬಡದೇಶದ ಹಳ್ಳಿಯವನು ಕೇಳುವುದು ಯಾರನ್ನು? 2022ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಉಂಗುರ ಬಿತ್ತು. ಅದು ಚೀನದ ರಾಕೆಟ್ಟಿನ ಭಾಗವಿರಬೇಕೆಂದು ತಜ್ಞರು ಅಂದಾಜಿಸಿದರು. ನಾವೂ ಪೂರ್ಣ ಶುದ್ಧರೇನಲ್ಲ. 2023ರ ಜುಲೈಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕಡಲ ತೀರಕ್ಕೆ ಬಂದ ದೊಡ್ಡ ಉರುಳೆ ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನದ್ದೇ ಆಗಿರುವುದು ಬಹಳ ಸಂಭವನೀಯವೆಂದು ಆ ದೇಶದ ಬಾಹ್ಯಾಕಾಶ ಸಂಸ್ಥೆ ತಿಳಿಸಿತು. 2030ರೊಳಗೆ ಬಾಹ್ಯಾಕಾಶದಲ್ಲಿ ಕಸ ಉಳಿಸದಂತೆ ಕೆಲಸ ಮಾಡುವೆವೆಂದು ಭಾರತ 2024ರ ಏಪ್ರಿಲಿನಲ್ಲಿ ಬೆಂಗಳೂರಿನ ಸಭೆಯಲ್ಲಿ ಸಾರಿದೆ. ಆ ಮಾತು ಉಳಿಯಬೇಕು.

ಹಾಗೆಂದು ಹೆದರಿ ಕುಳಿತುಕೊಳ್ಳಬೇಕಾದ ಕಾರಣವಿಲ್ಲ. ಭೂಮಿಯ ಬಹುಭಾಗ ಕಡಲು. ಉಳಿದದ್ದರಲ್ಲೂ ಜನವಸತಿಯಿಲ್ಲದ ಪ್ರದೇಶವೇ ಹೆಚ್ಚು. ಕಕ್ಷೆಯಿಂದ ಜಾರಿದ ವಸ್ತು ತಗಲಿ ಮನುಷ್ಯನೊಬ್ಬ ಸತ್ತನೆಂಬುದು ಈವರೆಗೆ ದೃಢಪಟ್ಟಿಲ್ಲ. ನಮ್ಮ ರಸ್ತೆಗಳ ಹೊಂಡಗಳು ಇದಕ್ಕಿಂತ ಎಷ್ಟೋ ಪಾಲು ಅಪಾಯಕಾರಿ. ಆದರೆ ಮೇಲಿರುವ ಉಪಗ್ರಹಗಳ ಸಂಖ್ಯೆ ಈಗ ಸಾವಿರಗಳಲ್ಲಿದೆ. ಸ್ಟಾರ್‌ಲಿಂಕ್ ಕಂಪೆನಿಯ ಹಳೆಯ ಉಪಗ್ರಹಗಳೇ ದಿನಕ್ಕೆ ಒಂದೆರಡರಂತೆ ವಾಯುಮಂಡಲದಲ್ಲಿ ಉರಿದುಹೋಗುತ್ತಿವೆ. ಸ್ಕೈಲ್ಯಾಬಿನ ಐದು ಪಾಲಿಗೂ ಮಿಕ್ಕಿದ, ಸುಮಾರು 420 ಟನ್ನಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು 2030ರ ಬಳಿಕ ಶಾಂತಸಾಗರಕ್ಕೆ ಇಳಿಸುವ ಯೋಜನೆಯಿದೆ. ಅಂದು ಮತ್ತೊಮ್ಮೆ ಜಗತ್ತೆಲ್ಲ ಮೇಲೆ ನೋಡಲಿದೆ. ಅಂದು ನಮ್ಮ ಮನೆಗಳಿಗೆ ಬರುವುದು ವಾರ್ತೆಯೋ, ವದಂತಿಯೋ?

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದು ಕುಶಾಲಿನ ಪ್ರಶ್ನೆಯಲ್ಲ. ಸರಿಯಾದ ಸುದ್ದಿ ತನ್ನ ಭಾಷೆಯಲ್ಲಿ ಸಕಾಲಕ್ಕೆ ತಲಪದ ಕಡೆ ವದಂತಿಯೇ ವಾರ್ತೆಯಾಗುತ್ತದೆ. 1979ರಲ್ಲಿ ಅದು ಅಂಗಡಿಯ ಜಗಲಿಯಿಂದ ಜಗಲಿಗೆ ನಡೆದು ಹೋಗುತ್ತಿತ್ತು. ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಹಾರುತ್ತದೆ. 2025ರ ಮೇ 25ರಂದು ಕೊಚ್ಚಿಯ ಬಳಿ ಹಡಗು ಮುಳುಗಿ ಅದರ ಕಂಟೈನರುಗಳು ಕೇರಳದ ದಂಡೆಗೆ ತೇಲಿ ಬಂದಾಗ, ಮುಟ್ಟಬೇಡಿ, ದೂರ ನಿಂತು ಪೊಲೀಸರಿಗೆ ತಿಳಿಸಿ ಎಂದು ಅಧಿಕಾರಿಗಳು ಎಚ್ಚರಿಸಿದ್ದರು. ಆಕಾಶದಿಂದ ಬಿದ್ದ ವಸ್ತುವಿಗೂ ಅದೇ ವಿಧಿ. ಉಪಗ್ರಹದ ಇಂಧನ ಕಟು ವಿಷ. ಸುಡದೆ ಉಳಿದ ಟಾಂಕಿಯನ್ನು ಗುಜರಿಗೆ ಮಾರಲು ಹೋದವನು ಜೀವಕ್ಕೆ ಎರವಾಗಬಹುದು. ಇಷ್ಟು ನಾಲ್ಕು ಸಾಲಿನ ಸೂಚನೆ ಕನ್ನಡದಲ್ಲಿಯೂ ಇರಬೇಕು ಎಂಬುದು ಯಾರೊಡನೆಯೂ ಜಗಳವಲ್ಲ. ಮಲೆಯಾಳ ಓದಲಾರದ ಅಜ್ಜಿಯೂ ಇದೇ ಆಕಾಶದ ಕೆಳಗೆ ಇದ್ದಾಳೆ.

ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಸಾಲದ ಅರ್ಜಿಗೆ ಬೇಕಾದ ಭಾಷೆ ಅಪಾಯದ ಸೂಚನೆಗೆ ಬೇಡವೇ? ಮಳೆ, ಗುಡ್ಡೆ ಕುಸಿತ, ಕಡಲ್ಕೊರೆತ, ಆಕಾಶದ ಕಸ ಯಾವುದೇ ಇರಲಿ, ಮುನ್ನೆಚ್ಚರಿಕೆ ಮಲೆಯಾಳದಲ್ಲಿ ಹೊರಡುವ ಹೊತ್ತಿಗೇ ಕನ್ನಡದಲ್ಲೂ ಹೊರಡಬೇಕು. ಮಾರನೆಯ ದಿನ ಬರುವ ಅನುವಾದ, ನೆರೆ ಇಳಿದ ಮೇಲೆ ಬರುವ ದೋಣಿ.

ನಮ್ಮ ಪಾಲಿನ ಕೆಲಸವೂ ಇದೆ. ಸೀತಾಂಗೋಳಿಯ ಹೆಚ್.ಎ.ಎಲ್. ಕಾರ್ಖಾನೆಯಲ್ಲಿ 2012ರಿಂದ ವಿಮಾನಗಳ ಇಲೆಕ್ಟ್ರಾನಿಕ್ ಉಪಕರಣಗಳು ತಯಾರಾಗುತ್ತಿವೆ. ಆಕಾಶದ ವಿದ್ಯೆ ನಮ್ಮ ಗುಡ್ಡೆಯ ಮೇಲೆಯೇ ಬಂದು ಕುಳಿತಿದೆ ಎಂದರೂ ಸಲ್ಲುವುದು. ಆದರೆ ಕಕ್ಷೆ ಎಂದರೇನು, ಉಪಗ್ರಹ ಬೀಳುವುದೇಕೆ ಎಂದು ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಅವರ ಭಾಷೆಯಲ್ಲೇ ಬಿಡಿಸಿ ಹೇಳುವವರು ಬೇಕು. ಮಳೆ ಬಿಟ್ಟ ಸಂಜೆಗಳಲ್ಲಿ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನ ಬಳಿಕ, ಮಿನುಗದೆ ಸಾಗುವ ಚುಕ್ಕಿಯೊಂದು ಇಲ್ಲಿಂದಲೂ ಬರಿಗಣ್ಣಿಗೆ ಕಾಣುವುದುಂಟು. ಅಧ್ಯಾಪಕರು ಮಕ್ಕಳನ್ನು ಅಂಗಳಕ್ಕೆ ಕರೆದು ಅದನ್ನು ತೋರಿಸಲಿ; ಅದು ಎಷ್ಟು ದಿನ ಇರುವುದು, ಹೇಗೆ ಇಳಿಯುವುದು ಎಂದು ತಿಳಿಸಲಿ. ಲೆಕ್ಕ ತಿಳಿದ ಮಗು ಮನೆಯಲ್ಲಿದ್ದರೆ ಸುಳ್ಳು ಸುದ್ದಿ ಹೊಸ್ತಿಲು ದಾಟಲಾರದು.

ಹಾರಿಸಿದವರು ಇಳಿಸಲಿ. ಇಳಿಸಲಾಗದಿದ್ದರೆ ಮುಂದಾಗಿ ತಿಳಿಸಲಿ. ತಿಳಿಸುವುದು ಕೇಳುವವನ ಭಾಷೆಯಲ್ಲಿರಲಿ. ಸಂಬಂಧಪಟ್ಟವರು ಮುಂದಿನ ಮಳೆಗಾಲಕ್ಕೆ ಮೊದಲು ಇತ್ತ ಗಮನ ಹರಿಸುವರೇ?