ಹಸಿರು ದೀಪ, ಕಬ್ಬಿನ ಟ್ರ್ಯಾಕ್ಟರ್

ಕುಂತೂರಿನ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ತಿಂಗಳುಗಳಲ್ಲಿ ಸುತ್ತಲಿನ ರಸ್ತೆಗಳಲ್ಲಿ ಮುಂದೆ ಏನಿದೆ ಎಂದು ಊಹಿಸುವುದು ಕಷ್ಟ. ಎರಡು ಟ್ರೇಲರ್ ಎಳೆಯುತ್ತ ಟ್ರ್ಯಾಕ್ಟರ್ ತೆವಳುತ್ತಿರುತ್ತದೆ. ಜಲ್ಲೆಗಳು ಎರಡೂ ಬದಿಗೆ ಚಾಚಿಕೊಂಡು, ಹಿಂದಿನ ದೀಪವಿದ್ದರೂ ಕಾಣದಂತೆ ಮುಚ್ಚಿರುತ್ತವೆ. ಸುಗ್ಗಿಯಲ್ಲಿ ಹುರುಳಿ, ರಾಗಿ ಡಾಂಬರಿನ ಮೇಲೇ ಒಕ್ಕಣೆಯಾಗುತ್ತದೆ. ಬಣ್ಣ ಮಾಸಿದ ಹಂಪು ಹತ್ತಿರ ಹೋಗುವ ತನಕ ಗೊತ್ತಾಗುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಕೊಳ್ಳೇಗಾಲ, ಹನೂರಿನ ದಾರಿಯುದ್ದಕ್ಕೂ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಇರುತ್ತಾರೆ. ಇಂಥ ಕಡೆ, ಆಕ್ಸಿಲರೇಟರ್ ತುಳಿಯದೆಯೂ ಹಾಕಿದ ವೇಗವನ್ನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಕಾರಿಗೆ ಯಾತಕ್ಕೆ ಎಂದು ಕೇಳುವವರದು ನ್ಯಾಯವಾದ ಪ್ರಶ್ನೆ. ‘ನಮ್ ರೋಡ್ನಲ್ಲಿ ಅದ್ನ ಹಾಕಕ್ಕೆ ಜಾಗ ಎಲ್ಲದೆ?’ ಎನ್ನುವ ಡ್ರೈವರ್ ಹೊಸದನ್ನು ಕಂಡು ಹೆದರಿ ಹಾಗೆನ್ನುತ್ತಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದೊಂದು ಸೆಕೆಂಡಿಗೂ 22 ಮೀಟರ್ ಮುಂದೆ ಹೋಗುತ್ತದೆ. ಪೆಡಲ್ ಬಿಟ್ಟು ಮಡಚಿಟ್ಟ ಕಾಲು ಬ್ರೇಕಿಗೆ ಬರಲು ತಡವಾದಷ್ಟೂ ಆ ಟ್ರೇಲರ್ ಹತ್ತಿರವಾಗುತ್ತದೆ.

ಆದರೆ ಇದೇ ಕುಂತೂರಿನ ಕಾರು ಮಳವಳ್ಳಿ ದಾಟಿ ಮದ್ದೂರಿನ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಹತ್ತಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆಯ ಮುಖ್ಯ ಪಥಗಳಿಗೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಪ್ರವೇಶ ನಿಂತಿತು. ಕ್ರೂಸ್ ಹಾಕಲು ಇಲ್ಲಿ ಏನೇನು ಅಡ್ಡಿಯೋ ಅವೆಲ್ಲ ಅಲ್ಲಿಲ್ಲ. ವೇಗದ ಮಿತಿ 100, ಕಾಯಲು ಕ್ಯಾಮೆರಾಗಳಿವೆ. ನುಣುಪಾದ ನೇರ ರಸ್ತೆಯಲ್ಲಿ ಕಾಲು ತಾನಾಗಿ ಒತ್ತುತ್ತದೆ. ಮಾತಿನ ನಡುವೆ ಮುಳ್ಳು 115ಕ್ಕೆ ಏರಿರುವುದು ಓಡಿಸುವವರಿಗೇ ತಿಳಿಯುವುದಿಲ್ಲ. 2019ರ ಜುಲೈ 1ರ ನಂತರ ತಯಾರಾದ ಕಾರುಗಳು 80 ಮೀರಿದರೆ ಆಗಾಗ, 120 ಮೀರಿದರೆ ಬಿಡದೆ ಶಬ್ದ ಮಾಡಿ ಎಚ್ಚರಿಸುತ್ತವೆ, ನಿಜ. ಆದರೆ 100ರ ಗೆರೆಯನ್ನು ಆ ಶಬ್ದ ಕಾಯುವುದಿಲ್ಲ, ಕ್ರೂಸ್ ಕಾಯುತ್ತದೆ. ಮಂಡಿನೋವಿನ ಹಿರಿಯರಿಗೆ ಬಲಗಾಲನ್ನು ಒಂದೇ ಭಂಗಿಯಲ್ಲಿ ಹಿಡಿದಿರುವ ಶ್ರಮವೂ ತಪ್ಪುತ್ತದೆ.

ಇದನ್ನು ಸೋಮಾರಿಗಳ ಸೌಕರ್ಯ ಎನ್ನುವವರಿಗೆ ಅದರ ಹುಟ್ಟನ್ನು ನೆನಪಿಸಬೇಕು. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್‌ಗೆ 1950ರಲ್ಲಿ ಇದರ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಬಂತು. ಮಾತಾಡುತ್ತ ಗಾಡಿಯನ್ನು ಒಮ್ಮೆ ಓಡಿಸಿ ಒಮ್ಮೆ ನಿಧಾನಿಸುತ್ತಿದ್ದ ವಕೀಲ ಮಿತ್ರನ ಚಾಲನೆಯಿಂದ ಬೇಸತ್ತು ಅವರು ಇದರ ಬಗ್ಗೆ ಯೋಚಿಸಿದರೆಂದು ಹೇಳುತ್ತಾರೆ. ಏರಿಳಿತವಿಲ್ಲದ ವೇಗವೇ ಅವರಿಗೆ ಬೇಕಾಗಿದ್ದದ್ದು.

ನನಗೆ ಈ ವಾದದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮೀಟರಿನಲ್ಲಿ ಹೊತ್ತುವ ಒಂದು ಪುಟ್ಟ ದೀಪ. ಸ್ಟೇರಿಂಗಿನ ಮೇಲಿನ ಮುಖ್ಯ ಗುಂಡಿ ಒತ್ತಿದರೆ ವೇಗದ ಮುಳ್ಳು, ಬಾಣ ಇರುವ ಚಿತ್ರ ಮೂಡುತ್ತದೆ. ಬಹಳ ಕಾರುಗಳಲ್ಲಿ ಅದು ಆಗ ಬಿಳಿ ಅಥವಾ ಹಳದಿ. ಅಂದರೆ ಕ್ರೂಸ್ ಸಿದ್ಧವಾಗಿದೆ, ಇನ್ನೂ ವೇಗ ಹಿಡಿದಿಲ್ಲ. ಬೇಕಾದ ವೇಗಕ್ಕೆ ಬಂದು ‘ಸೆಟ್’ ಒತ್ತಿದಾಗಲೇ ಅದು ಹಸಿರಾಗುವುದು, ಇಲ್ಲವೇ ಪಕ್ಕದಲ್ಲಿ ‘ಸೆಟ್’ ಎಂಬ ಅಕ್ಷರ ಬರುವುದು. ಬಣ್ಣಗಳು ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಕಾರಿನ ಜತೆ ಕೊಡುವ ಪುಸ್ತಕವನ್ನು ಓದದೆ ವಿಧಿಯಿಲ್ಲ. ಬ್ರೇಕ್ ತುಳಿದರೆ, ಗೇರಿನ ಗಾಡಿಯಲ್ಲಿ ಕ್ಲಚ್ ತುಳಿದರೂ, ಹಿಡಿತ ಬಿಡುತ್ತದೆ. ಆದರೆ ಹಿಂದಿನ ವೇಗ ನೆನಪಿನಲ್ಲಿ ಉಳಿದಿರುತ್ತದೆ. ಹೆದ್ದಾರಿಯಲ್ಲಿ 100ಕ್ಕೆ ಹಾಕಿದ್ದವರು ಮಳವಳ್ಳಿಯ ರಸ್ತೆಗೆ ಇಳಿದು 50ರಲ್ಲಿ ಹೋಗುವಾಗ ಬೆರಳು ತಪ್ಪಿ ‘ರೆಸ್’ ಗುಂಡಿಗೆ ತಾಗಿದರೆ ಕಾರು ಮತ್ತೆ 100ರತ್ತ ನುಗ್ಗುತ್ತದೆ. ಇನ್ನೊಂದು ಅಭ್ಯಾಸದ ತೊಡಕು. ಆಕ್ಸಿಲರೇಟರ್ ಬಿಟ್ಟರೆ ಗಾಡಿ ನಿಧಾನವಾಗುತ್ತದೆ ಎಂದು ವರ್ಷಗಟ್ಟಲೆ ಕಲಿತ ಕಾಲು, ಹಸಿರು ದೀಪ ಉರಿಯುವಾಗಲೂ ಅದನ್ನೇ ನಿರೀಕ್ಷಿಸುತ್ತದೆ. ಹಿಡಿದ ವೇಗವನ್ನು ಬಿಡಿಸಲು ಬ್ರೇಕಾಗಲಿ ‘ಕ್ಯಾನ್ಸಲ್’ ಆಗಲಿ ಬೇಕು.

ದಿಂಬಂ ಘಾಟಿಯ 27 ತಿರುವುಗಳಲ್ಲಿ, ಮಾದಪ್ಪನ ಬೆಟ್ಟದ ಇಳಿಜಾರಿನಲ್ಲಿ, ಮಳೆಯ ರಸ್ತೆಯಲ್ಲಿ ಇದು ಬೇಡವೇ ಬೇಡ. ಸಾಧಾರಣ ಕ್ರೂಸ್ ಇಳಿಜಾರಿನಲ್ಲಿ ಬ್ರೇಕ್ ಹಾಕುವುದಿಲ್ಲ, ಗಾಡಿ ಹಾಕಿದ ವೇಗವನ್ನೂ ಮೀರಬಹುದು. ಇಂಧನ ಉಳಿಯುತ್ತದೆ ಎಂಬ ಮಾತು ಸಮತಟ್ಟು ರಸ್ತೆಗೆ ಸರಿ; ಏರು ಬಂದಾಗ ವೇಗ ಬಿಡಬಾರದೆಂದು ಎಂಜಿನ್‌ಗೆ ಹೆಚ್ಚು ಇಂಧನ ಹೋಗುತ್ತದೆ.

ಈಗಿನ ದುಬಾರಿ ಕಾರುಗಳಲ್ಲಿ ರೇಡಾರ್ ಇರುವ ಕ್ರೂಸ್ ಬಂದಿದೆ. ದೀಪದ ಚಿತ್ರದಲ್ಲಿ ಮುಂದೊಂದು ಕಾರು, ನಡುವೆ ಅಂತರ ತೋರುವ ಗೆರೆಗಳು. ಮುಂದಿನ ಗಾಡಿ ನಿಧಾನಿಸಿದರೆ ತಾನೂ ನಿಧಾನಿಸುತ್ತದೆ. ಆಗ ಟ್ರ್ಯಾಕ್ಟರಿನ ಭಯ ಹೋಯಿತಲ್ಲ ಎನ್ನಬಹುದು. ನನ್ನ ಮಟ್ಟಿಗೆ ಇಲ್ಲಿಯೇ ಹೆಚ್ಚು ಎಚ್ಚರ ಬೇಕು. ನಿಂತ ಗಾಡಿ, ಸಣ್ಣ ಬೈಕು, ತಟ್ಟನೆ ಅಡ್ಡ ಬಂದ ವಾಹನವನ್ನು ಅದು ಗುರುತಿಸದೆ ಹೋಗಬಹುದು ಎಂದು ತಯಾರಕರ ಪುಸ್ತಕಗಳೇ ಹೇಳುತ್ತವೆ. ಟೈರು ಪಂಕ್ಚರಾಗಿ ಕತ್ತಲಲ್ಲಿ ನಿಂತ ಕಬ್ಬಿನ ಟ್ರೇಲರ್ ಆ ಪಟ್ಟಿಗೆ ಸೇರುತ್ತದೆ.

ಹಾಗಾದರೆ ಕ್ರೂಸ್‌ಗಾಗಿ ಮೇಲಿನ ಮಾಡೆಲ್‌ಗೆ ದುಡ್ಡು ಹಾಕಬೇಕೆ? ತೋಟ, ಕಾರ್ಖಾನೆ, ಕೊಳ್ಳೇಗಾಲದ ಸಂತೆ ಇಷ್ಟೇ ಓಡಾಟವಿರುವ ಮನೆಗೆ ಬೇಡ. ಆ ಹಣದಲ್ಲಿ ಏರ್‌ಬ್ಯಾಗ್ ಹೆಚ್ಚಿರುವುದನ್ನು, ಒಳ್ಳೆಯ ಹೆಡ್‌ಲೈಟ್ ಇರುವುದನ್ನು ನೋಡಲಿ. ಮಕ್ಕಳು ಬೆಂಗಳೂರಿನಲ್ಲಿದ್ದು ತಿಂಗಳಿಗೆರಡು ಸಲ ಹೆದ್ದಾರಿ ಹಿಡಿಯುವ ಮನೆಗೆ ಕ್ರೂಸ್ ಖಂಡಿತ ಉಪಯೋಗ. ಒಂದೇ ಕಾರನ್ನು ಮಗ, ಅಪ್ಪ, ಸೊಸೆ ಎಲ್ಲರೂ ಓಡಿಸುವುದಾದರೆ ಆ ಬಿಳಿ–ಹಸಿರಿನ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು. ಮದ್ದೂರಿನಲ್ಲಿ ಹೆದ್ದಾರಿ ಇಳಿದ ಕೂಡಲೇ ಬ್ರೇಕ್ ತುಳಿದು ಸುಮ್ಮನಾಗದೆ ಮುಖ್ಯ ಗುಂಡಿಯನ್ನೇ ಆರಿಸಿಬಿಡಬೇಕು. ಬಹುಪಾಲು ಕಾರುಗಳಲ್ಲಿ ಆಗ ದೀಪವೂ ಆರುತ್ತದೆ, 100ರ ನೆನಪೂ ಅಳಿಯುತ್ತದೆ.