ಛಾವಣಿ ಒಂದು, ಲೆಕ್ಕ ಎರಡು

ಹಸಿರುಮನೆಯ ಛಾವಣಿಗೆ ಸೌರಫಲಕಗಳನ್ನು ಅಳವಡಿಸಿ ಮೇಲೆ ವಿದ್ಯುತ್ತನ್ನು ಉತ್ಪಾದಿಸುವುದು, ಕೆಳಗೆ ತರಕಾರಿಯನ್ನು ಬೆಳೆಯುವುದು: ಈ ಯೋಜನೆಯತ್ತ ವರ್ತಕ ಬಂಧುಗಳ ಮನಸ್ಸು ಹರಿದರೆ ಆಶ್ಚರ್ಯವಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರಿಗೂ ಕೃಷಿಭೂಮಿಯನ್ನು ಕೊಳ್ಳುವ ಹಾದಿ ತೆರೆಯಿತು. ‘ಒಂದೇ ಭೂಮಿಯಿಂದ ಎರಡು ವರಮಾನ’ ಎಂಬ ಮಾತೂ ಕಿವಿಗೆ ಇಂಪಾಗಿದೆ. ಆದರೆ ಛಾವಣಿ ಒಂದೇ ಆದರೂ ಅದರ ಲೆಕ್ಕ ಎರಡು. ಇವೆರಡನ್ನೂ ಬೆರೆಸಿ ಬರೆದವನಿಗೆ ನಷ್ಟ ಎಲ್ಲಿ ಆಗುತ್ತಿದೆ ಎಂಬುದೇ ತಿಳಿಯದು.

ಮೊದಲನೆಯ ಲೆಕ್ಕ ಬೆಳೆಯದು. ಫಲಕ ಮತ್ತು ಗಿಡ ಒಂದೇ ಬಿಸಿಲಿಗೆ ಪೈಪೋಟಿ ನಡೆಸುತ್ತವೆ. ಸ್ಪೇನಿನ ಅಲ್ಮೇರಿಯಾದಲ್ಲಿ ಛಾವಣಿಯ ಶೇ. 9.8 ಭಾಗವನ್ನು ಮಾತ್ರ ಫಲಕಗಳಿಂದ ಮುಚ್ಚಿ ಟೊಮೆಟೊ ಬೆಳೆದಾಗ, ಹಣ್ಣಿನ ಗಾತ್ರ ಹಾಗೂ ಬಣ್ಣ ತುಸು ಕುಂದಿದರೂ ಇಳುವರಿಯಾಗಲಿ ಬೆಲೆಯಾಗಲಿ ಕುಸಿಯಲಿಲ್ಲವೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಇಟಲಿಯ ಸಾರ್ಡೀನಿಯಾ ದ್ವೀಪದ ಅನುಭವ ಇದಕ್ಕೆ ವ್ಯತಿರಿಕ್ತ. ಅಲ್ಲಿ ಅರ್ಧ ಛಾವಣಿಯನ್ನು ಮುಚ್ಚಿದ್ದ ಹಸಿರುಮನೆಯೊಂದರಲ್ಲಿ ಒಳಗಿನ ಬಿಸಿಲು ಶೇ. 64ರಷ್ಟು ಕಡಿಮೆಯಾಗಿತ್ತು. ಸೌರವಿದ್ಯುತ್ತಿಗೆ ಸರ್ಕಾರ ನೀಡಿದ ಆಕರ್ಷಕ ಪ್ರೋತ್ಸಾಹ ದರದ ಆಸೆಗೆ ಅಲ್ಲಿ ಫಲಕಗಳು ಛಾವಣಿಯನ್ನು ಆಕ್ರಮಿಸಿದವು. ಕೊನೆಗೆ 2011ರಲ್ಲಿ ಇಟಲಿ ಸರ್ಕಾರವೇ ಹಸಿರುಮನೆಯ ಫಲಕಗಳಿಗೆ ಶೇ. 50ರ ಮಿತಿಯನ್ನು ವಿಧಿಸಬೇಕಾಯಿತು.

ಈಗ ನಮ್ಮಲ್ಲಿಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಪಾಲಿಹೌಸ್‌ಗಳಲ್ಲಿ ದಪ್ಪ ಮೆಣಸಿನಕಾಯಿ, ಸೌತೆಕಾಯಿ ಬೆಳೆಯುವವರು ಬೇಸಿಗೆಯಲ್ಲಿ ತಾವಾಗಿಯೇ ನೆರಳುಪರದೆ ಕಟ್ಟುತ್ತಾರೆ. ಆದ್ದರಿಂದ ಮಿತವಾದ ನೆರಳು ನಮ್ಮಲ್ಲಿ ಶತ್ರುವಲ್ಲ. ಆದರೆ ಮಳೆಗಾಲದ ಮೋಡದಲ್ಲಿ ಪರದೆಯನ್ನು ಸುತ್ತಿಡಬಹುದು, ಫಲಕವನ್ನು ಸುತ್ತಿಡಲಾಗದು. ಮೇಲಾಗಿ, ಗಾಜಿನ ಫಲಕ ಚದರ ಮೀಟರಿಗೆ ಸುಮಾರು 10ರಿಂದ 12 ಕಿಲೋ ತೂಗುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಹೊರಲೆಂದು ನಿಲ್ಲಿಸಿದ ಪೈಪುಗಳು ಇದನ್ನು ಹೊರಲಾರವು. ಹಾಳೆಯನ್ನು ಮೂರು ನಾಲ್ಕು ವರ್ಷಗಳಿಗೊಮ್ಮೆ ಬದಲಿಸಬೇಕು. ಫಲಕದ ಬಾಳಿಕೆ 25 ವರ್ಷ. ಬಲವಾದ ಚೌಕಟ್ಟಿನ ವೆಚ್ಚವನ್ನೂ ಪ್ರತಿ ಬಾರಿ ಹಾಳೆ ಬದಲಿಸುವಾಗಿನ ಹೆಚ್ಚುವರಿ ಕೂಲಿಯನ್ನೂ ಅಂದಾಜುಪಟ್ಟಿಯಲ್ಲಿ ಕಾಣಿಸಲೇಬೇಕು.

ಎರಡನೆಯ ಲೆಕ್ಕ ವಿದ್ಯುತ್ತಿನದು. ಒಂದು ಎಕರೆ, ಅಂದರೆ ಸುಮಾರು 4,000 ಚದರ ಮೀಟರ್ ಹಸಿರುಮನೆಯ ಹತ್ತನೆಯ ಒಂದು ಭಾಗಕ್ಕೆ ಮಾತ್ರ ಫಲಕ ಹಾಕಿದೆವೆನ್ನಿ. ಚದರ ಮೀಟರಿಗೆ 200 ವ್ಯಾಟ್‌ನಂತೆ 80 ಕಿಲೋವ್ಯಾಟ್ ಸಾಮರ್ಥ್ಯವಾಗುತ್ತದೆ. ಕಿಲೋವ್ಯಾಟಿಗೆ ವರ್ಷಕ್ಕೆ 1,400 ಯೂನಿಟ್ ಎಂದು ಹಿಡಿದರೆ ಒಟ್ಟು 1,12,000 ಯೂನಿಟ್. ಹನಿ ನೀರಾವರಿಯ ಪಂಪು, ಮಂಜು ಚಿಮ್ಮಿಸುವ ಯಂತ್ರ ಇವಿಷ್ಟಕ್ಕೆ ಇದರಲ್ಲಿ ಅಲ್ಪಭಾಗ ಸಾಕು. ಅಲ್ಲದೆ ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಉಚಿತವಾಗಿ ಬರುವುದನ್ನು ಉಳಿಸಿದರೆ ಅದು ಉಳಿತಾಯವೆನಿಸದು. ಹಾಗಾದರೆ ಲಾಭ ಎಲ್ಲಿದೆ? ಪಕ್ಕದಲ್ಲಿಯೇ ಶೀತಲಗೃಹವನ್ನೋ ಸಂಸ್ಕರಣಾ ಘಟಕವನ್ನೋ ನಡೆಸುತ್ತ, ವಾಣಿಜ್ಯ ಅಥವಾ ಕೈಗಾರಿಕಾ ದರದಲ್ಲಿ ಬಿಲ್ಲು ಕಟ್ಟುತ್ತಿರುವ ಉದ್ಯಮಿಗೆ ಪ್ರತಿ ಯೂನಿಟ್ಟೂ ನೈಜ ಉಳಿತಾಯ. ಅಂತಹ ಬಳಕೆ ಇಲ್ಲದವನು ವಿದ್ಯುತ್ ಸರಬರಾಜು ಕಂಪನಿಗೆ ಮಾರಬೇಕು. ಆಗ ಬೆಲೆ ನಿರ್ಧಾರ ಅವನ ಕೈಯಲ್ಲಿರುವುದಿಲ್ಲ.

ತೆರಿಗೆಯ ವಿಷಯದಲ್ಲಿಯೂ ಇದೇ ಭೇದ. ತರಕಾರಿಯ ವರಮಾನ ಕೃಷಿ ಆದಾಯವಾದ್ದರಿಂದ ಆದಾಯ ತೆರಿಗೆಯಿಂದ ವಿನಾಯಿತಿ ಉಂಟು. ವಿದ್ಯುತ್ ಮಾರಾಟದ ವರಮಾನಕ್ಕೆ ಇಲ್ಲ. ವಿನಾಯಿತಿಯ ಮತ್ತೊಂದು ಮುಖವನ್ನು ಮರೆಯಬಾರದು: ಬೆಳೆಯಲ್ಲಿ ನಷ್ಟವಾದರೆ ಅದನ್ನು ಅಂಗಡಿಯ ಲಾಭದಲ್ಲಿ ಕಳೆಯುವಂತಿಲ್ಲ. ಒಮ್ಮೆ ಶೇ. 80 ಇದ್ದ ಸೌರ ಉಪಕರಣಗಳ ಸವಕಳಿ ದರ 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು, ಅದೂ ಉಪಕರಣವು ವ್ಯಾಪಾರಕ್ಕೆ ಬಳಕೆಯಾದಷ್ಟಕ್ಕೆ ಮಾತ್ರ. ಸೌರಫಲಕಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಸ್ವಾಗತಾರ್ಹವೇ. ಆದರೆ ತಾಜಾ ತರಕಾರಿಗೂ ವಿದ್ಯುತ್ತಿಗೂ ಈ ತೆರಿಗೆ ಇಲ್ಲದಿರುವುದರಿಂದ, ಇವನ್ನಷ್ಟೇ ಮಾರುವವನಿಗೆ ಫಲಕದ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯದು. ಅದು ಬಂಡವಾಳದೊಳಗೇ ಸೇರಿಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ಯೋಜನೆಯನ್ನು ಹಳಿಯಲಿಕ್ಕಲ್ಲ. ಫಲಕವೇ ಇಲ್ಲವೆಂದು ಭಾವಿಸಿ ಬೆಳೆಯ ಲೆಕ್ಕವನ್ನೂ, ಬೆಳೆಯೇ ಇಲ್ಲವೆಂದು ಭಾವಿಸಿ ವಿದ್ಯುತ್ತಿನ ಲೆಕ್ಕವನ್ನೂ ಪ್ರತ್ಯೇಕವಾಗಿ ಬರೆಯಿರಿ. ಬಳಿಕ ಒಂದರಿಂದ ಇನ್ನೊಂದಕ್ಕಾಗುವ ಹಾನಿಯನ್ನು ಕಳೆಯಿರಿ. ಆಗಲೂ ಎರಡೂ ತಮ್ಮ ಕಾಲ ಮೇಲೆ ನಿಂತರೆ ಧೈರ್ಯವಾಗಿ ಮುಂದುವರಿಯಬಹುದು. ತರಕಾರಿಯು ವಿದ್ಯುತ್ತಿಗೆ ಕೇವಲ ನೆಪವಾಗಿದ್ದರೆ ಭೂಮಿಗೂ ಅನ್ಯಾಯ, ಬಂಡವಾಳಕ್ಕೂ ಅಪಾಯ. ನಮ್ಮ ವಾಣಿಜ್ಯ ಸಂಸ್ಥೆಯು ಈ ದಿಸೆಯಲ್ಲಿ ಒಂದು ಕೆಲಸ ಮಾಡಬೇಕು: ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಯಾವ ಬೆಳೆ ಎಷ್ಟು ನೆರಳನ್ನು ತಾಳಬಲ್ಲದೆಂಬ ಪ್ರಯೋಗಗಳನ್ನು ಕೈಗೊಂಡು, ಅವುಗಳ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸುವಂತೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವನ್ನು ಕೋರಬೇಕು. ಸ್ಪೇನ್, ಇಟಲಿಗಳ ಅಂಕಿಗಳು ನಮಗೆ ಎಚ್ಚರಿಕೆ ನೀಡಬಲ್ಲವು. ನಮ್ಮ ಸಾಲದ ಅರ್ಜಿಗೆ ಬೇಕಾಗಿರುವುದು ನಮ್ಮ ನೆಲದ ಅಂಕಿಗಳು.