ಸೇವಂತಿಗೆ: ಒಂದೇ ಹಬ್ಬ ನಂಬಿ ಎಕರೆಗಟ್ಟಲೆ ಹಾಕಬೇಕೆ?

ನಮ್ಮದು ಚಿತ್ರದುರ್ಗ ಜಿಲ್ಲೆಯ ಮಳೆ ನಂಬಿದ ಹೊಲ. ಮೂರೂವರೆ ಎಕರೆ. ರಾಗಿ, ಶೇಂಗಾ, ಅಕ್ಕಡಿಗೆ ತೊಗರಿ. ಒಂದು ಬೋರು ಇದೆ, ನೀರು ಒಂದಿಂಚು. ಬೇಸಿಗೆಯಲ್ಲಿ ಅದೂ ಬಿಟ್ಟು ಬಿಟ್ಟು ಬರುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ತಿಳಿದಷ್ಟು ಬರೆದಿದ್ದೇನೆ.

ಸೇವಂತಿಗೆ ಹುಚ್ಚು ನನಗೆ ಹತ್ತಿದ್ದು 2017ರಲ್ಲಿ. ಹಿಂದಿನ ದೀಪಾವಳಿಗೆ ಪಕ್ಕದ ಊರಿನವರೊಬ್ಬರು ಒಳ್ಳೇ ಕಾಸು ಮಾಡಿದ್ರು. ಸರಿ, ನಾನೂ ಒಂದು ಎಕರೆ ಹಾಕಿದೆ. ಮರಿ ತಂದದ್ದು ಸಾಲ, ಗೊಬ್ಬರ ಸಾಲ, ಔಷಧಿ ಸಾಲ. ಕೊನೆಗೆ ಮನೆಯಾಕೆಯ ಓಲೆ ಗಿರವಿಗೆ ಹೋಯಿತು. ಹೂವೇನೋ ಚೆನ್ನಾಗೇ ಬಂತು. ಆದರೆ ನನ್ನೊಬ್ಬನಿಗೇ ಬಂತೇ? ಸುತ್ತ ಹತ್ತು ಹಳ್ಳಿಗೂ ಬಂತು. ಹಬ್ಬದ ಎರಡು ದಿನ ರೇಟು ನಿಂತಿತು. ಮೂರನೇ ದಿನ ಕೇಳೋರೇ ಇಲ್ಲ. ಬಿಡಿಸುವ ಕೂಲಿಯೂ ಹುಟ್ಟದೆ, ಉಳಿದ ಹೂವಿನ ಮೇಲೆ ಟ್ರ್ಯಾಕ್ಟರ್ ಹೊಡೆಸಿದೆ. ಅದು ಎಂಥ ಸಂಕಟ ಅಂತ ಹೊಡೆಸಿದವರಿಗೇ ಗೊತ್ತು.

ಅದೇ ವರ್ಷ ಒಂದು ಸಂಗತಿ ಕಂಡೆ. ರಸ್ತೆ ಬದಿ ಬೀದಿದೀಪದ ಕೆಳಗಿದ್ದ ನಾಲ್ಕು ಸಾಲು ಬರೀ ಸೊಪ್ಪಾಗಿ ಬೆಳೆದವು, ಮೊಗ್ಗು ಕಟ್ಟಲಿಲ್ಲ. ಮರಿ ಕೊಟ್ಟವನನ್ನು ಬೈದುಕೊಂಡೆ. ಆಮೇಲೆ ತೋಟಗಾರಿಕೆ ಓದಿದ ಹುಡುಗನೊಬ್ಬ ಬಿಡಿಸಿ ಹೇಳಿದ. ಹಗಲು ಕುಗ್ಗಿ ರಾತ್ರಿ ಉದ್ದವಾದಾಗ ಮೊಗ್ಗಿಗೆ ತಿರುಗುವ ಗಿಡ ಇದು. ರಾತ್ರಿ ಬೆಳಕು ಬಿದ್ದರೆ ಗಿಡಕ್ಕೆ ಇನ್ನೂ ಹಗಲೇ ದೊಡ್ಡದು ಅಂತ ಲೆಕ್ಕ. ಅನುಕೂಲಸ್ಥರು ಬಲ್ಬು ಕಟ್ಟಿ ಹೂವು ಮುಂದೂಡುವುದು ಇದೇ ಗುಟ್ಟಿನಿಂದ.

ಅಂದರೆ ಬಯಲಿನಲ್ಲಿ ನಾವು ಜೂನ್‌ನಲ್ಲಿ ನೆಟ್ಟರೂ ಜುಲೈನಲ್ಲಿ ನೆಟ್ಟರೂ ಹೂವು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಅರಳುತ್ತದೆ. ಎಲ್ಲರ ಹೂವೂ ಒಟ್ಟಿಗೇ ಮಾರ್ಕೆಟ್ಟಿಗೆ. ರೇಟು ಬಿದ್ದರೆ ದಲ್ಲಾಳಿಯನ್ನು ಬೈಯುತ್ತೇವೆ. ತಪ್ಪು ಅವನದೊಂದೇ ಅಲ್ಲ, ಗಿಡದ ಗುಣವೂ ಇದೆ, ನಮ್ಮ ಆಸೆಯೂ ಇದೆ.

ಬಲ್ಬು ಕಟ್ಟುವ ಶಕ್ತಿ ನಮಗಿಲ್ಲ. ಹಬ್ಬದ ರೇಟೂ ನಮ್ಮ ಕೈಲಿಲ್ಲ. ಕೈಲಿರೋದು ಖರ್ಚು ಒಂದೇ. ಅದಕ್ಕೇ ಈಗ ನಾನು ಹಾಕುವುದು ಹತ್ತೇ ಗುಂಟೆ, ಅದೂ ಸ್ವಂತ ಮರಿ.

ಸೇವಂತಿಗೆ ಒಂದು ವರ್ಷಕ್ಕೆ ಸಾಯುವ ಗಿಡವಲ್ಲ, ಅದನ್ನೇ ಮರೆತಿದ್ದೇವೆ. ಹೂವು ಮುಗಿದ ಮೇಲೆ ಕಾಂಡ ಕೊಯ್ದು, ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಮಣ್ಣು ಕೊಟ್ಟರೆ ಬೇರಿನಿಂದ ಮರಿ ಏಳುತ್ತವೆ. ಹೂವಿದ್ದಾಗಲೇ ಐನೂರು ಒಳ್ಳೇ ಗಿಡ ಗುರುತು ಮಾಡಿಕೊಂಡು, ಆ ಬುಡಗಳನ್ನು ಬೋರಿನ ತೊಟ್ಟಿ ಪಕ್ಕ ಉಳಿಸುತ್ತೇನೆ. ಬೇಸಿಗೆ ದಾಟಿಸಲು ಅಷ್ಟಕ್ಕೆ ನೀರು ಸಾಕು. ಮಳೆ ಬಿದ್ದ ಮೇಲೆ ಸಾಲಿಗೆ ಒಂದೂವರೆ ಅಡಿ, ಗಿಡಕ್ಕೆ ಒಂದಡಿ ಬಿಟ್ಟು ನೆಟ್ಟರೆ ಹತ್ತು ಗುಂಟೆಗೆ ಏಳು ಸಾವಿರ ಮರಿ ಹಿಡಿಯುತ್ತದೆ. ತಿಂಗಳಿಗೆ ಕುಡಿ ಚಿವುಟಬೇಕು, ಕವಲು ಜಾಸ್ತಿ ಬರುತ್ತದೆ.

‘ಹಳೇ ಬುಡದಲ್ಲಿ ರೋಗವೂ ಉಳಿಯುತ್ತದಲ್ಲ’ ಎನ್ನುವವರಿದ್ದಾರೆ. ನಿಜ. ಸೊರಗಿದ ಗಿಡ, ಎಲೆಚುಕ್ಕೆ ಬಿದ್ದ ಗಿಡದಿಂದ ಮರಿ ತೆಗೆಯಲೇಬಾರದು. ಅವನ್ನು ಕಿತ್ತು ಸುಡಿ. ವರ್ಷ ವರ್ಷ ಜಾಗ ಬದಲಿಸಿ. ನೀರು ನಿಲ್ಲುವ ಕಡೆ ಬೇಡ. ಈ ಎಚ್ಚರ ಇಲ್ಲದವರು ಸ್ವಂತ ಮರಿಗೆ ಕೈಹಾಕದಿರುವುದೇ ವಾಸಿ.

ಹತ್ತು ಗುಂಟೆ ಆದರೆ ಬಿಡಿಸೋಕೆ ಮನೆಯವರೇ ಸಾಕು. ಅರ್ಧ ಹೂವನ್ನು ಮನೆಯಾಕೆ ಕಟ್ಟಿ, ವಾರದ ಸಂತೆಯಲ್ಲಿ ಮಾರಿನ ಲೆಕ್ಕದಲ್ಲಿ ಮಾರುತ್ತಾಳೆ. ದೊಡ್ಡ ದುಡ್ಡಲ್ಲ, ಆದರೆ ಸಾಲವೂ ಇಲ್ಲ. ಹತ್ತು ಗುಂಟೆ ಹೂವು ಕೈಕೊಟ್ಟರೆ ಮಿಕ್ಕ ಹೊಲದ ರಾಗಿ ಕೈಹಿಡಿಯುತ್ತದೆ. ಎಕರೆ ಹೂವು ಕೈಕೊಟ್ಟರೆ ಯಾರು ಹಿಡೀತಾರೆ? ನಮ್ಮ ಮನೆಯ ಓಲೆ ಬಿಡಿಸಿಕೊಳ್ಳಲು ಮೂರು ವರ್ಷ ಬೇಕಾಯಿತು.

ಹಾಕಬೇಡಿ ಅನ್ನುತ್ತಿಲ್ಲ. ಸಾಲ ಮಾಡಿ ಹಾಕಬೇಡಿ ಅನ್ನುತ್ತಿದ್ದೇನೆ.